ಹೊಲದ ಕ್ಷೇತ್ರಫಲಕ್ಕೆ ಲಾಂಗ್ ಡಬಲ್ ಎಷ್ಟು ಬೇಕು?

ಮೂಲೆಗಳ ಅಳತೆಯಿಂದ ಹೊಲದ ಕ್ಷೇತ್ರಫಲ ತೆಗೆಯುವ ಸಿ ಭಾಷೆಯ ಪ್ರೋಗ್ರಾಂ ನನ್ನದು. ದಶಮಾಂಶ ಸಂಖ್ಯೆ ಇಡಲು ಸಿ ಭಾಷೆಯಲ್ಲಿ ಮೂರು ಡಬ್ಬಿಗಳಿವೆ: 32 ಬಿಟ್‌ನ ಫ್ಲೋಟ್, 64 ಬಿಟ್‌ನ ಡಬಲ್, ಅದಕ್ಕಿಂತ ದೊಡ್ಡದಿರಬಹುದಾದ ಲಾಂಗ್ ಡಬಲ್. ಕೊಪ್ಪಳದ ಆಸುಪಾಸಿನ ಹೊಲಗಳು ಯುಟಿಎಂ (ಸ್ಥಳವನ್ನು ಮೀಟರ್‌ನಲ್ಲಿ ಗುರುತಿಸುವ ನಕ್ಷೆ ಪದ್ಧತಿ) 43ನೇ ವಲಯದಲ್ಲಿ ಬರುತ್ತವೆ. ಮೂಲೆಕಲ್ಲಿನ ಅಳತೆ ಪೂರ್ವಕ್ಕೆ ಸುಮಾರು 6.23 ಲಕ್ಷ ಮೀಟರ್, ಉತ್ತರಕ್ಕೆ ಸುಮಾರು 16.97 ಲಕ್ಷ. ಕ್ಷೇತ್ರಫಲಕ್ಕೆ ಬಳಸುವ ಅಡ್ಡಗುಣಾಕಾರದ ಸೂತ್ರದಲ್ಲಿ ಒಂದು ಮೂಲೆಯ ಪೂರ್ವದ ಅಳತೆಯನ್ನು ಮುಂದಿನ ಮೂಲೆಯ ಉತ್ತರದ ಅಳತೆಯಿಂದ ಗುಣಿಸಿದರೆ ಲಕ್ಷ ಕೋಟಿ ದಾಟುತ್ತದೆ. ಅಂಥ ಗುಣಲಬ್ಧಗಳನ್ನು ಒಂದರಲ್ಲಿ ಒಂದು ಕಳೆದು ಉಳಿಯಬೇಕಾದದ್ದು ಐದಾರು ಎಕರೆ. ಅಷ್ಟು ದೊಡ್ಡ ಮೊತ್ತದಲ್ಲಿ 32 ಬಿಟ್ ಫ್ಲೋಟ್‌ನ ಒಂದು ಸಂಖ್ಯೆಗೂ ಮುಂದಿನದಕ್ಕೂ 65,536 ಚದರ ಮೀಟರ್ ಅಂತರ, ಅಂದರೆ 16 ಎಕರೆ. ಹೊಲವೇ ಮಾಯ. ಡಬಲ್‌ನಲ್ಲಿ ಅದೇ ಅಂತರ ಸುಮಾರು 1.2 ಚದರ ಸೆಂಟಿಮೀಟರ್.

ಹಾಗಾಗಿ ಉತ್ತರ ಕೊಡುವುದು ಡಬಲ್‌ನಲ್ಲೇ. ಮೊದಲ ಮೂಲೆಯ ಅಳತೆಯನ್ನು ಉಳಿದೆಲ್ಲದರಿಂದ ಕಳೆದುಕೊಂಡು ಆಮೇಲೆ ಗುಣಿಸುತ್ತೇನೆ. ಲಾಂಗ್ ಡಬಲ್ ಇಟ್ಟುಕೊಂಡಿರುವುದು ತಾಳೆ ನೋಡಲು ಮಾತ್ರ, ಏಕೆಂದರೆ ಅದು ಒಂದೊಂದು ಕಡೆ ಒಂದೊಂದು ಥರ. 64 ಬಿಟ್ ಇಂಟೆಲ್ ಲಿನಕ್ಸ್‌ನಲ್ಲಿ ಜಿಸಿಸಿ ಕಂಪೈಲರ್ (ಕೋಡನ್ನು ಯಂತ್ರಭಾಷೆಗೆ ತಿರುಗಿಸುವ ಪ್ರೋಗ್ರಾಂ) ಕೊಡುವುದು ಇಂಟೆಲ್‌ನ ಹಳೆಯ ಲೆಕ್ಕದ ಚಿಪ್ 8087ರ ಕಾಲದ 80 ಬಿಟ್ ರೂಪ: ನಿಖರತೆಗೆ 64 ಬಿಟ್, ಮೆಮೊರಿಯಲ್ಲಿ 16 ಬೈಟ್. ಅದರಲ್ಲಿ ಕೊನೆಯ ಆರು ಬೈಟ್ ಬರೀ ಕಸ. ಮೆಮೊರಿಯ ಬೈಟ್‌ಗಳನ್ನೇ ನೋಡುವ ಮೆಮ್‌ಸಿಎಂಪಿ ಹಾಕಿ ಹೋಲಿಸಿದರೆ ಒಂದೇ ಬೆಲೆಯೂ ಬೇರೆ ಎಂದು ಬರಬಹುದು. ಮೈಕ್ರೋಸಾಫ್ಟ್ ಕಂಪೈಲರ್‌ನಲ್ಲಿ, ಆಪಲ್‌ನ ಎಂ ಸರಣಿಯ ಮ್ಯಾಕ್‌ನಲ್ಲಿ ಅದು ಬರೀ ಡಬಲ್. 64 ಬಿಟ್ ಆರ್ಮ್ ಲಿನಕ್ಸ್‌ನಲ್ಲಿ 113 ಬಿಟ್, ಆದರೆ ಲೆಕ್ಕವೆಲ್ಲ ಸಾಫ್ಟ್‌ವೇರ್‌ನಲ್ಲಿ ನಡೆಯುವುದರಿಂದ ಬಲು ನಿಧಾನ.

ನಿಖರತೆ ಎಷ್ಟು ಬಿಟ್ ಎಂದು ಕಂಪೈಲರ್‌ನ ಹೆಡರ್ ಫೈಲ್ ಹೇಳಿದ್ದನ್ನೇ ನಂಬಿ ಕೂರಬೇಡಿ. 32 ಬಿಟ್ ಫ್ರೀಬಿಎಸ್‌ಡಿ ಎಂಬ ಆಪರೇಟಿಂಗ್ ಸಿಸ್ಟಂ, 8087ರ ವಂಶದ ಎಕ್ಸ್87 ಲೆಕ್ಕದ ಘಟಕವನ್ನು 53 ಬಿಟ್‌ಗೇ ಕಟ್ಟಿಹಾಕಿ ಶುರು ಮಾಡುತ್ತದೆ. ವೊಲಟೈಲ್ ಎಂದು ಗುರುತು ಹಾಕಿದ ಲಾಂಗ್ ಡಬಲ್ ವೇರಿಯಬಲ್‌ನಲ್ಲಿ 1 ಇಟ್ಟು, ಅದಕ್ಕೆ 2ರ ಮೈನಸ್ 60ನೇ ಘಾತ ಕೂಡಿಸಿ ನೋಡಿ. ಮತ್ತೆ 1 ಆಗಿಯೇ ಉಳಿದರೆ ಹೆಚ್ಚಿನ ನಿಖರತೆ ಇಲ್ಲ. ವೊಲಟೈಲ್ ಬಿಟ್ಟರೆ ಕಂಪೈಲರ್ ತಾನೇ ಲೆಕ್ಕ ಮುಗಿಸಿಬಿಡಬಹುದು, ಯಂತ್ರದ ಪರೀಕ್ಷೆ ಆಗುವುದೇ ಇಲ್ಲ.

ವಿಂಡೋಸ್‌ನಲ್ಲಿ ಜಿಸಿಸಿ ಓಡಿಸಲು ಬಳಸುವ ಮಿಂಗ್‌ಡಬ್ಲ್ಯುನಲ್ಲಿ ಇನ್ನೊಂದು ತಾಪತ್ರಯ. ಲೆಕ್ಕ 80 ಬಿಟ್‌ನಲ್ಲಿ ಸರಿಯಾಗೇ ನಡೆದಿರುತ್ತದೆ, ಆದರೆ ಹಳೆಯ ಮೈಕ್ರೋಸಾಫ್ಟ್ ಲೈಬ್ರರಿಯಲ್ಲಿ ಉತ್ತರ ತೋರಿಸುವ ಪ್ರಿಂಟ್‌ಎಫ್ ಅದನ್ನು ಎಂಟು ಬೈಟ್ ಎಂದು ಓದಿ ಅಡ್ಡಾದಿಡ್ಡಿ ಅಂಕಿ ಕಾರುತ್ತದೆ. ಮಿಂಗ್‌ಡಬ್ಲ್ಯುನದೇ ಪ್ರಿಂಟ್‌ಎಫ್ ಬಳಸಿದರೆ ಸರಿಹೋಗುತ್ತದೆ.

ಲಾಂಗ್ ಡಬಲ್‌ಗೆ ಫೈಲಿನಿಂದ ಅಂಕಿ ಓದುವಾಗ, ಅಕ್ಷರವನ್ನು ಡಬಲ್ ಮಾಡಿ ಕೊಡುವ ಎಸ್‌ಟಿಆರ್‌ಟಿಒಡಿ ಬೇಡ, ಲಾಂಗ್ ಡಬಲ್ ಮಾಡಿ ಕೊಡುವ ಎಸ್‌ಟಿಆರ್‌ಟಿಒಎಲ್‌ಡಿ ಬೇಕು. ಕೋಡ್‌ನಲ್ಲಿ ಬರೆಯುವ 0.1ರ ಕೊನೆಗೆ ಎಲ್ ಅಕ್ಷರ ಇರಲಿ; ಇಲ್ಲದಿದ್ದರೆ ಅದು ಮೊದಲೇ ಡಬಲ್‌ಗೆ ಸವೆದು, ಆಮೇಲೆ ದೊಡ್ಡ ಡಬ್ಬಿಗೆ ಬೀಳುತ್ತದೆ. ಡಬಲ್, ಲಾಂಗ್ ಡಬಲ್ ಎರಡೂ ಲೆಕ್ಕದ ವ್ಯತ್ಯಾಸ 0.01 ಚದರ ಮೀಟರ್ ಮೀರಿದರೆ ಹೊಲದ ಮೂಲೆಗಳ ಕ್ರಮವನ್ನಲ್ಲ, ಮೊದಲು ಕೋಡ್‌ನಲ್ಲಿ ಎಲ್ಲೋ ಉಳಿದ ಫ್ಲೋಟ್ ಅನ್ನು ಹುಡುಕುತ್ತೇನೆ.