ಬಹುವಿಶ್ವ ವಾದದ ಬುಡವನ್ನು ಗೋಡೆಯ ಮೇಲೆ ನೋಡುವ ಪ್ರಯೋಗ

ಬೆಳಕಿನ ಕಣದಂಥ ಕ್ವಾಂಟಂ ವಸ್ತುವನ್ನು ಅಳತೆ ಮಾಡಿದ ಕ್ಷಣದಲ್ಲಿ ಏನಾಗುತ್ತದೆ? ಈ ಪ್ರಶ್ನೆಗೆ ಉತ್ತರವಾಗಿಯೇ ಭೌತವಿಜ್ಞಾನಿ ಹ್ಯೂ ಎವರೆಟ್ 1957ರಲ್ಲಿ ಬಹುವಿಶ್ವ ವ್ಯಾಖ್ಯಾನ ಮುಂದಿಟ್ಟರು: ಸಾಧ್ಯವಿರುವ ಫಲಿತಾಂಶಗಳೆಲ್ಲವೂ ಬೇರೆ ಬೇರೆ ಕವಲುಗಳಲ್ಲಿ ನಡೆಯುತ್ತವೆ ಎಂಬ ವಾದವಿದು. ಬೆಳಕಿಗೆ ಎರಡು ದಾರಿ ಇದ್ದರೆ ಗೋಡೆಯ ಮೇಲೆ ಪಟ್ಟಿಗಳು ಮೂಡುತ್ತವೆ. ಯಾವ ದಾರಿ ಎಂಬ ಗುರುತು ಸಿಕ್ಕರೆ ಮಾಯವಾಗುತ್ತವೆ. ಆ ವಾದದ ಬುಡದಲ್ಲಿರುವುದು ಇದೇ; ಅದರ ಬಗ್ಗೆ ಓದುವ ಮೊದಲು ಇದನ್ನು ಕಣ್ಣಾರೆ ನೋಡಿ.

ಬೇಕಾದದ್ದು: 650 ನ್ಯಾನೋಮೀಟರಿನ ಕೆಂಪು ಲೇಸರ್ ಪಾಯಿಂಟರ್ (1 ಮಿಲಿವ್ಯಾಟ್‌ಗಿಂತ ಕಡಿಮೆ), ಕರೆಂಟು ವೈರಿನೊಳಗಿನ 0.2 ಮಿ.ಮೀ. ತಾಮ್ರದ ಎಳೆ, ಪೋಲರಾಯ್ಡ್ ಹಾಳೆ (ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನಷ್ಟೇ ಬಿಡುವ ಹಾಳೆ), ರಟ್ಟು, ಟೇಪು. ಕಿರಣವಾಗಲಿ ಅದರ ಪ್ರತಿಫಲನವಾಗಲಿ ಕಣ್ಣಿಗೆ ಬೀಳಬಾರದು.

ರಟ್ಟಿನಲ್ಲಿ 1 ಸೆಂ.ಮೀ. ಕಿಂಡಿ ಕೊರೆದು, ಎಳೆಯನ್ನು ನೆಟ್ಟಗೆ ಬಿಗಿದು ಅಂಟಿಸಿ. ಲೇಸರನ್ನು ಅಲುಗದಂತೆ ಕೂರಿಸಿ, ಕಿರಣದ ನಡುಮಧ್ಯಕ್ಕೆ ಎಳೆ ಬರಲಿ; ಎಳೆಯ ಎಡ, ಬಲಗಳೇ ಬೆಳಕಿನ ಎರಡು ದಾರಿ. ಕತ್ತಲೆ ಕೋಣೆಯಲ್ಲಿ, 2 ಮೀಟರ್ ದೂರದ ಬಿಳಿ ಗೋಡೆಯ ಮೇಲೆ ಸುಮಾರು 6.5 ಮಿ.ಮೀ.ಗೊಂದು ಕಪ್ಪು ಗೆರೆ ಕಾಣುತ್ತದೆ. ನಡುವಿನ ಬೆಳಕಿನ ಪಟ್ಟಿ ಇಮ್ಮಡಿ ಅಗಲ; ಅದನ್ನು ಬಿಟ್ಟು ಒಂದೇ ಪಕ್ಕದ ಗೆರೆಗಳನ್ನು ಅಳೆಯಿರಿ.

ಈಗ ದಾರಿಗೆ ಗುರುತು ಹಾಕಲು ಪೋಲರಾಯ್ಡನ್ನು ಮೂರು ತುಂಡು ಮಾಡಿ, ಒಂದನ್ನು ಪಕ್ಕಕ್ಕಿಡಿ; ಉಳಿದೆರಡರಲ್ಲಿ ಒಂದನ್ನು 90 ಡಿಗ್ರಿ ತಿರುಗಿಸಿ. ಒಂದರ ಮೇಲೊಂದು ಇಟ್ಟಾಗ ಕಪ್ಪಾದರೆ ದಿಕ್ಕು ಸರಿ. ಅಂಚಿಗೆ ಅಂಚು ಸೇರಿಸಿ, ಜಾಯಿಂಟು ಎಳೆಯ ಹಿಂದೆ ಅಡಗುವಂತೆ ಕೂರಿಸಿ. ಪ್ರಯೋಗ ಕೈಕೊಡುವುದು ಇಲ್ಲೇ: ಕೂದಲೆಳೆಯಷ್ಟು ಸಂದು ಉಳಿದರೂ ಬೆಳಕು ನುಸುಳಿ ಪಟ್ಟಿ ಉಳಿದುಬಿಡುತ್ತದೆ. ಹೊಸ ಬ್ಲೇಡು, ಉಕ್ಕಿನ ಸ್ಕೇಲು ಬಳಸಿ. ಕಿರಣದ ಹಾದಿಗೆ ಟೇಪು ಬಂದರೆ ಅದು ಧ್ರುವೀಕರಣವನ್ನೇ (ಬೆಳಕು ಕಂಪಿಸುವ ದಿಕ್ಕನ್ನೇ) ಬದಲಿಸುತ್ತದೆ. ಪಾಯಿಂಟರಿನ ಬೆಳಕು ಸಾಮಾನ್ಯವಾಗಿ ಮೊದಲೇ ಧ್ರುವೀಕೃತ; ಎರಡೂ ಪಕ್ಕ ಸಮನಾಗಿ ಬೆಳಗುವ ತನಕ ಪಾಯಿಂಟರನ್ನು ಅದರ ಅಕ್ಷದಲ್ಲೇ ಉರುಳಿಸಿ.

ಈಗ ಪಟ್ಟಿ ಅಳಿಸಿಹೋಗಿ, ಮಬ್ಬು ಬೆಳಕಷ್ಟೇ ಉಳಿಯುತ್ತದೆ. ಎಳೆಗೂ ಗೋಡೆಗೂ ನಡುವೆ ಮೂರನೇ ತುಂಡನ್ನು 45 ಡಿಗ್ರಿಗೆ ಹಿಡಿಯಿರಿ, ಪಟ್ಟಿ ಮರಳುತ್ತದೆ! ಆ ಕಡೆಯ 45ಕ್ಕೆ ತಿರುಗಿಸಿದರೆ ಕಪ್ಪು, ಬೆಳಕು ಅದಲುಬದಲಾಗುತ್ತವೆ.

ಇಲ್ಲಿ ದಾರಿಯ ಗುರುತು ಧ್ರುವೀಕರಣ ಒಂದರಲ್ಲೇ ಇತ್ತು, ಹಾಗಾಗಿ ಮೂರನೇ ತುಂಡಿನಿಂದ ಆ ಗುರುತನ್ನು ಅಳಿಸಲು ಸಾಧ್ಯವಾಯಿತು. ದೊಡ್ಡ ವಸ್ತುಗಳ ಗುರುತು ಗಾಳಿಯ ಅಣುಗಳಿಗೆ, ಸುತ್ತಲಿನ ಬೆಳಕಿಗೆಲ್ಲ ಹರಡುತ್ತದೆ; ಮತ್ತೆ ಒಟ್ಟುಗೂಡಿಸಲಾಗದು. ಎವರೆಟ್ ವಾದದಲ್ಲಿ ಕವಲುಗಳು ಬೇರೆ ಬೇರೆ ವಿಶ್ವಗಳಂತೆ ಉಳಿಯುವುದು ಈ ಕಾರಣಕ್ಕೆ.

ಆದರೆ ಲೇಸರಿನಲ್ಲಿ ಫೋಟಾನುಗಳು (ಬೆಳಕಿನ ಕಣಗಳು) ಲೆಕ್ಕವಿಲ್ಲದಷ್ಟು. ನೀವು ಕಂಡದ್ದನ್ನೆಲ್ಲ ಹಳೆಯ ತರಂಗ ಸಿದ್ಧಾಂತವೇ ವಿವರಿಸುತ್ತದೆ. ಒಂದೊಂದೇ ಫೋಟಾನು ಕಳಿಸಿದರೂ ಎವರೆಟ್ ವ್ಯಾಖ್ಯಾನ, ಅಳತೆಯಲ್ಲಿ ಒಂದೇ ಫಲಿತಾಂಶ ಉಳಿಯುತ್ತದೆ ಎನ್ನುವ ಕೋಪನ್‌ಹೇಗನ್ ವ್ಯಾಖ್ಯಾನ ಎರಡೂ ಹೇಳುವುದು ಅದೇ ಪಟ್ಟಿಯನ್ನು. ಇದನ್ನೇ ಸಮಾಂತರ ವಿಶ್ವದ ಪುರಾವೆ ಎಂದು ಯಾರಿಗೂ ತೋರಿಸಬೇಡಿ.