ಲಾಡ್ಜು, ಹಾಸ್ಟೆಲುಗಳ ಹಳೆಯ ಗೀಸರು-ಬಾಯ್ಲರುಗಳನ್ನು ಬದಲಿಸುವ ಬಗೆ

ಹುಬ್ಬಳ್ಳಿ-ಧಾರವಾಡದ ಲಾಡ್ಜು, ವಿದ್ಯಾರ್ಥಿ ನಿಲಯ ಮತ್ತು ಕಲ್ಯಾಣ ಮಂಟಪಗಳಲ್ಲಿ ನೀರು ಕಾಯಿಸುವ ಏರ್ಪಾಡು ಹೆಚ್ಚಾಗಿ ಮೂರು ಬಗೆಯದು: ಕೋಣೆಗೊಂದರಂತೆ ಕೂಡಿಸಿದ ಗೀಸರು, ಹಿತ್ತಲಿನಲ್ಲಿ ಕಟ್ಟಿಗೆ ಉರಿಸುವ ಬಾಯ್ಲರು, ಇಲ್ಲವೆ ಮಾಳಿಗೆಯ ಮೇಲಿನ ಹಳೆಯ ಸೋಲಾರ್. ಇವು ಕೈಕೊಟ್ಟಾಗ ಮಾಲೀಕರು ಹಳೆಯದರ ಫಲಕ ನೋಡಿ ಅಷ್ಟೇ ಲೀಟರಿನ, ಅಷ್ಟೇ ಕಿಲೋವ್ಯಾಟಿನ ಹೊಸದನ್ನು ತರಿಸಿಬಿಡುತ್ತಾರೆ. ಆ ಫಲಕದಲ್ಲಿರುವುದು ಹಿಂದೊಮ್ಮೆ ಯಾರೋ ಮಾಡಿದ ಅಂದಾಜು ಮಾತ್ರ. ಹೊಸ ವ್ಯವಸ್ಥೆಯ ಗಾತ್ರವನ್ನು ನಿಮ್ಮ ಕಟ್ಟಡದ ಬೆಳಗಿನ ಬಳಕೆ ಮತ್ತು ನಿಮ್ಮ ತೊಟ್ಟಿಗೆ ಬರುವ ನೀರಿನ ಗುಣ, ಇವೆರಡೇ ತೀರ್ಮಾನಿಸಬೇಕು.

ಮೊದಲು ಅಳೆಯಿರಿ. ಬಿಸಿನೀರಿನ ವ್ಯವಸ್ಥೆಗೆ ತಣ್ಣೀರು ಹೋಗುವ ಕೊಳವೆಗೆ ಒಂದು ಸಾಧಾರಣ ನೀರಿನ ಮೀಟರ್ ಹಾಕಿಸಿ, ಒಂದು ವಾರ ಬೆಳಗಿನ 5ರಿಂದ 9 ಗಂಟೆಯವರೆಗೆ ಪ್ರತಿ ಅರ್ಧ ಗಂಟೆಗೊಮ್ಮೆ ಅಂಕಿಯನ್ನು ಬರೆದಿಡಿಸಿ. ಬೆಂಗಳೂರಿನಿಂದ ರಾತ್ರಿ ಹೊರಟ ಬಸ್ಸು-ರೈಲುಗಳ ಪ್ರಯಾಣಿಕರು ನಸುಕಿನಲ್ಲೇ ಹುಬ್ಬಳ್ಳಿಯ ಲಾಡ್ಜುಗಳಿಗೆ ಬಂದು ನೇರವಾಗಿ ಸ್ನಾನಕ್ಕೆ ಇಳಿಯುವುದರಿಂದ, ಇಡೀ ದಿನದ ಬಳಕೆಯ ದೊಡ್ಡ ಪಾಲು ಆ ಎರಡು-ಮೂರು ತಾಸುಗಳಲ್ಲೇ ಮುಗಿದುಹೋಗುವುದು ಕಂಡುಬಂದರೆ ಆಶ್ಚರ್ಯವಿಲ್ಲ. ಮಂಟಪಗಳಲ್ಲಿ ಮುಹೂರ್ತದ ದಿನದ ಲೆಕ್ಕವೇ ಬೇರೆಯಾದ್ದರಿಂದ, ಅಳತೆಯ ವಾರದಲ್ಲಿ ಒಂದಾದರೂ ಮದುವೆ ಇರುವಂತೆ ನೋಡಿಕೊಳ್ಳಬೇಕು.

ಅಂಕಿಗಳು ಕೈಗೆ ಬಂದ ಮೇಲೆ ಲೆಕ್ಕ ಕಷ್ಟವೇನಲ್ಲ. ಒಂದು ಲೀಟರ್ ನೀರನ್ನು ಒಂದು ಡಿಗ್ರಿ ಸೆಲ್ಸಿಯಸ್ ಏರಿಸಲು 1.163 ವ್ಯಾಟ್-ಅವರ್ ಶಾಖ ಬೇಕು. 40 ಜನ ತಂಗುವ ಒಂದು ಲಾಡ್ಜಿನಲ್ಲಿ ಪ್ರತಿಯೊಬ್ಬರೂ 42 ಡಿಗ್ರಿಯ 25 ಲೀಟರ್ ನೀರಿನಲ್ಲಿ ಬಕೆಟ್ ಸ್ನಾನ ಮಾಡುತ್ತಾರೆಂದು ಇಟ್ಟುಕೊಳ್ಳೋಣ. ಒಟ್ಟು 1,000 ಲೀಟರ್. ತೊಟ್ಟಿಯ ನೀರು 22 ಡಿಗ್ರಿ ಇದ್ದರೆ ಬೇಕಾಗುವ ಶಾಖ ಸುಮಾರು 23 ಯೂನಿಟ್ (ಒಂದು ಯೂನಿಟ್ ಎಂದರೆ 1,000 ವ್ಯಾಟ್-ಅವರ್). ಆದರೆ ನೀರನ್ನು 55 ಡಿಗ್ರಿಗೆ ಕಾಯಿಸಿ ತಣ್ಣೀರು ಬೆರೆಸಿಕೊಳ್ಳುವುದರಿಂದ ಸಂಗ್ರಹಿಸಬೇಕಾದದ್ದು 1,000 ಲೀಟರಲ್ಲ, ಸುಮಾರು 600 ಲೀಟರ್ ಮಾತ್ರ. ಇಪ್ಪತ್ತು ಕೋಣೆಗಳಿಗೆ ಇಪ್ಪತ್ತು ಗೀಸರು ಹಾಕಿದವರು ಈ ಲೆಕ್ಕವನ್ನು ಒಮ್ಮೆಯೂ ಮಾಡಿರುವುದಿಲ್ಲ. ಷವರ್ ಇದ್ದಲ್ಲಿ ಮಾತ್ರ ಎಚ್ಚರ ಬೇಕು: ನಿಮಿಷಕ್ಕೆ 8-10 ಲೀಟರ್ ಸುರಿಯುವ ಷವರಿನ ಕೆಳಗೆ ಆರು ನಿಮಿಷ ನಿಂತರೂ ಬಕೆಟ್ ಸ್ನಾನದ ಎರಡರಷ್ಟು ನೀರು ಹೋಗುತ್ತದೆ. ಅಂಥಲ್ಲಿ ದೊಡ್ಡ ಟ್ಯಾಂಕಿಗಿಂತ ನೀರು ಕಡಿಮೆ ಬಿಡುವ ಷವರ್ ತಲೆ ಅಗ್ಗದ ಪರಿಹಾರ.

ನೀರಿನ ಗುಣದ ವಿಷಯದಲ್ಲಿ ಈ ಭಾಗದವರು ತುಸು ಹೆಚ್ಚೇ ಜಾಗ್ರತೆ ವಹಿಸಬೇಕು. ಸವದತ್ತಿಯ ರೇಣುಕಾಸಾಗರದಿಂದ ಬರುವ ಮಲಪ್ರಭೆಯ ನೀರು ಅವಳಿನಗರದ ಅನೇಕ ಬಡಾವಣೆಗಳಿಗೆ ದಿನಾಲೂ ಬರುವುದಿಲ್ಲ. ನಡುವಿನ ದಿನಗಳಲ್ಲಿ ಬೋರ್‌ವೆಲ್ ಇಲ್ಲವೆ ಟ್ಯಾಂಕರ್ ನೀರು ಅದೇ ತೊಟ್ಟಿಗೆ ಸೇರುತ್ತದೆ. ಗದಗ ಜಿಲ್ಲೆಯ ಹಲವೆಡೆ ಅಂತರ್ಜಲ ಗಡಸು. ಗಡಸು ನೀರು 60 ಡಿಗ್ರಿ ದಾಟಿತೆಂದರೆ ಅದರಲ್ಲಿನ ಕ್ಯಾಲ್ಸಿಯಂ ಬೇಗ ಬೇರ್ಪಟ್ಟು ಕಾಯಿಲ್ ಮೇಲೆ ಬಿಳಿಯ ಪೊರೆಯಾಗಿ ಕೂಡುತ್ತದೆ; ಪೊರೆ ದಪ್ಪವಾದಂತೆ ಶಾಖ ನೀರಿಗೆ ದಾಟದೆ ಕಾಯಿಲ್ ತಾನೇ ಸುಟ್ಟುಹೋಗುತ್ತದೆ. ಆದ್ದರಿಂದ ಮೇ ತಿಂಗಳಲ್ಲೊಮ್ಮೆ, ಬೋರ್ ನೀರಿನ ಪಾಲು ಹೆಚ್ಚಿರುವಾಗ, ತೊಟ್ಟಿಯ ನೀರನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿ ಗಡಸುತನ ಹಾಗೂ ಕ್ಲೋರೈಡ್ ಎರಡನ್ನೂ ಬರೆಸಿಕೊಳ್ಳಿ. ಕುಡಿಯುವ ನೀರಿನ ಭಾರತೀಯ ಮಾನಕದಲ್ಲಿ ಗಡಸುತನದ ಅಪೇಕ್ಷಿತ ಮಿತಿ ಲೀಟರಿಗೆ 200 ಮಿಲಿಗ್ರಾಂ. ನಿಮ್ಮ ಅಂಕಿ ಅದಕ್ಕಿಂತ ಬಹಳ ಮೇಲಿದ್ದರೆ, ಯಂತ್ರಕ್ಕಿಂತ ಮೊದಲು ಗಡಸುತನ ತೆಗೆಯುವ, ಉಪ್ಪಿನಿಂದ ಮರುಜೀವ ಪಡೆಯುವ ಸಾಫ್ಟನರ್ ಕೂಡಿಸುವುದೇ ಸರಿಯಾದ ಕ್ರಮ. ಸಾಫ್ಟನರ್ ಕ್ಲೋರೈಡನ್ನು ತೆಗೆಯುವುದಿಲ್ಲ. ಕ್ಲೋರೈಡ್ ಹೆಚ್ಚಿರುವ ಸವಳು ನೀರಿನಲ್ಲಿ 304 ದರ್ಜೆಯ ಸ್ಟೀಲ್ ಟ್ಯಾಂಕು ಬೆಸುಗೆಯ ಜಾಗದಲ್ಲಿ ತೂತು ಬೀಳಬಹುದು. ಅಲ್ಲಿ 316 ದರ್ಜೆಯ ಸ್ಟೀಲ್, ಇಲ್ಲವೆ ಒಳಗೆ ಗಾಜಿನ ಲೇಪವಿದ್ದು ಟ್ಯಾಂಕಿನ ಬದಲು ತಾನೇ ಸವೆಯುವ ಮೆಗ್ನೀಸಿಯಂ ಆನೋಡ್ ಸರಳು ಇರುವ ಟ್ಯಾಂಕನ್ನು ಕೇಳಿ ಪಡೆಯಬೇಕು.

ಇನ್ನು ಯಂತ್ರದ ಆಯ್ಕೆ. ವಿದ್ಯುತ್ ಕಾಯಿಲ್ ಒಂದು ಯೂನಿಟ್ ಕರೆಂಟಿಗೆ ಒಂದು ಯೂನಿಟ್ ಶಾಖ ಕೊಡುತ್ತದೆ, ಅದಕ್ಕಿಂತ ಹೆಚ್ಚು ಕೊಡಲಾರದು. ಹೀಟ್ ಪಂಪ್ ಫ್ರಿಜ್ಜಿನಂತೆಯೇ ಕೆಲಸ ಮಾಡುವ ಯಂತ್ರ. ಹೊರಗಿನ ಗಾಳಿಯಲ್ಲಿರುವ ಶಾಖವನ್ನು ಹೀರಿ ನೀರಿಗೆ ಸಾಗಿಸುವುದರಿಂದ ಒಂದು ಯೂನಿಟ್ ಕರೆಂಟಿಗೆ ಮೂರರಷ್ಟು, ಅನುಕೂಲ ಹವೆಯಲ್ಲಿ ಇನ್ನೂ ಹೆಚ್ಚು ಶಾಖ ಕೊಡಬಲ್ಲದು. ಮೇಲಿನ ಲಾಡ್ಜಿನ 23 ಯೂನಿಟ್ ಶಾಖಕ್ಕೆ ಅದು ನುಂಗುವುದು ಸುಮಾರು 8 ಯೂನಿಟ್. ಅಷ್ಟು ನೀರನ್ನು ಆರು ತಾಸಿನಲ್ಲಿ ಕಾಯಿಸಲು 4 ಕಿಲೋವ್ಯಾಟ್ ಶಾಖದ ಯಂತ್ರ ಸಾಕು. ಗಾಳಿ ಬೆಚ್ಚಗಿದ್ದಷ್ಟೂ ಅದರ ದಕ್ಷತೆ ಹೆಚ್ಚು. ಆದ್ದರಿಂದ ಟೈಮರ್ ಇಟ್ಟು ಮಧ್ಯಾಹ್ನ ಓಡಿಸಿ, ದಪ್ಪ ಹೊದಿಕೆಯ ಟ್ಯಾಂಕಿನಲ್ಲಿ ಮರುದಿನದ ನಸುಕಿಗೆ ಕಾದಿಡುವುದು ಜಾಣತನ. ರಾತ್ರಿ ಕರೆಂಟು ಹೋದರೂ ಬೆಳಗಿನ ಸ್ನಾನ ತಪ್ಪುವುದಿಲ್ಲ.

ಸೋಲಾರ್ ಒಳ್ಳೆಯದೇ, ಆದರೆ ಊರು ನೋಡಿ ನಿರ್ಧರಿಸಬೇಕು. ಬಯಲುಸೀಮೆಯ ಗದಗಿನಲ್ಲಿ ಅದು ವರ್ಷದ ಬಹುಪಾಲು ದುಡಿಯುತ್ತದೆ. ಮಲೆನಾಡಿನ ಅಂಚಿನ ಧಾರವಾಡದಲ್ಲೂ ಹಾವೇರಿ ಜಿಲ್ಲೆಯ ಹಾನಗಲ್ಲಿನ ಕಡೆಯೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೋಡ ಕವಿದೇ ಇರುವುದರಿಂದ ಬೆಂಬಲ ವ್ಯವಸ್ಥೆ ಇಲ್ಲದೆ ಅದನ್ನೊಂದನ್ನೇ ನೆಚ್ಚಲಾಗದು. 100 ಲೀಟರಿಗೆ ಸುಮಾರು 2 ಚದರ ಮೀಟರ್ ಫಲಕ, ದಕ್ಷಿಣಕ್ಕೆ ಮುಖ, ನೆರಳಿಲ್ಲದ ಜಾಗ ಇವು ಬೇಕು. ಗಡಸು ನೀರು ಫ್ಲಾಟ್ ಪ್ಲೇಟ್ ಫಲಕದ ಸಣ್ಣ ತಾಮ್ರದ ನಳಿಗೆಗಳನ್ನು ಕಟ್ಟಿಸಿಬಿಡುತ್ತದೆ. ಅಂಥಲ್ಲಿ ಬಳಕೆಯ ನೀರನ್ನು ಫಲಕದೊಳಗೆ ಬಿಡದೆ ಶಾಖವನ್ನಷ್ಟೇ ದಾಟಿಸುವ ಹೀಟ್ ಎಕ್ಸ್‌ಚೇಂಜರ್ ಇರುವುದನ್ನೇ ಕೊಳ್ಳಿ. ಇರುವ ಸೋಲಾರಿನ ಟ್ಯಾಂಕು-ಫಲಕಗಳು ಗಟ್ಟಿಯಾಗಿದ್ದರೆ ಕಿತ್ತುಹಾಕದೆ, ಅದರ ನೀರನ್ನು ಹೀಟ್ ಪಂಪಿನ ಟ್ಯಾಂಕಿಗೆ ಹರಿಸುವುದು ನನ್ನ ಮಟ್ಟಿಗೆ ಎಲ್ಲಕ್ಕಿಂತ ಮೇಲಾದ ಏರ್ಪಾಡು. ಕಟ್ಟಿಗೆ ಬಾಯ್ಲರಿನ ಬಗ್ಗೆ ಹೆಚ್ಚು ಹೇಳುವುದಿಲ್ಲ: ಕಟ್ಟಿಗೆ ಪುಕ್ಕಟೆ ಸಿಗುವವರಿಗೂ ಅದನ್ನು ನಸುಕಿನಲ್ಲಿ ಎದ್ದು ಉರಿಸುವ ಆಳಿನ ಸಂಬಳ ಪುಕ್ಕಟೆಯಲ್ಲ.

ಜಾಗ ಆರಿಸುವಾಗ ಹೀಟ್ ಪಂಪನ್ನು ಮುಚ್ಚಿದ ಕೋಣೆಯಲ್ಲಿ ಇಡಬಾರದು. ತಾನು ಬಿಟ್ಟ ತಣ್ಣನೆಯ ಗಾಳಿಯನ್ನೇ ಮತ್ತೆ ಹೀರಿಕೊಂಡು ಅದು ಸೊರಗುತ್ತದೆ. ಅತಿಥಿಗಳ ಕಿಟಕಿಯ ಕೆಳಗೂ ಬೇಡ, ಸದ್ದಾಗುತ್ತದೆ. ಸಾವಿರ ಲೀಟರಿನ ಟ್ಯಾಂಕು ತುಂಬಿದಾಗ ಒಂದು ಟನ್ನಿಗೂ ಹೆಚ್ಚು ತೂಗುವುದರಿಂದ, ಹಳೆಯ ಮಾಳಿಗೆಯಾದರೆ ಕಟ್ಟಡದ ಎಂಜಿನಿಯರನ್ನು ಕೇಳಿಯೇ ತೊಲೆಯ ಮೇಲೆ ಕೂಡಿಸಬೇಕು. ಯಂತ್ರ ಹೊಸದಾಗಿ ಕೊಳವೆ ಹಳೆಯದೇ ಉಳಿದರೆ ಅರ್ಧ ಕೆಲಸ ಮಾತ್ರ ಆದಂತೆ: ತುಕ್ಕು ಹಿಡಿದ ಜಿಐ ಕೊಳವೆ ತೆಗೆದು ಬಿಸಿನೀರಿಗೆ ತಕ್ಕ ಸಿಪಿವಿಸಿ ಪ್ಲಾಸ್ಟಿಕ್ ಕೊಳವೆ ಹಾಕಿಸಿ, ಉದ್ದಕ್ಕೂ ಫೋಮ್ ಹೊದಿಕೆ ಸುತ್ತಿಸಿ. ಕಟ್ಟಡ ಉದ್ದವಾಗಿದ್ದರೆ ಬಿಸಿನೀರು ತಿರುಗಿ ಟ್ಯಾಂಕಿಗೆ ಮರಳುವ ಕೊಳವೆ ಮತ್ತು ಸಣ್ಣ ಪಂಪು ಬೇಕು. ಇಲ್ಲವಾದರೆ ಕೊನೆಯ ಕೋಣೆಯವರು ಬಿಸಿ ಬರುವವರೆಗೆ ನಳ ಬಿಟ್ಟು ಬಕೆಟ್ಟುಗಟ್ಟಲೆ ನೀರು ಚೆಲ್ಲುತ್ತಾರೆ.

ಹಳೆಯ ವ್ಯವಸ್ಥೆಯನ್ನು ಒಮ್ಮೆಲೇ ಕೀಳಿಸಬೇಡಿ. ಹೊಸದನ್ನು ಪಕ್ಕದಲ್ಲಿ ಕೂಡಿಸಿ, ಮೊದಲು ಒಂದು ಅಂತಸ್ತಿಗೆ ಮಾತ್ರ ಜೋಡಿಸಿ, ಅತಿಥಿಗಳು ತುಂಬಿದ ಒಂದು ಬೆಳಗಿನ ಪರೀಕ್ಷೆಯಲ್ಲಿ ಗೆದ್ದ ಮೇಲೆ ಉಳಿದವುಗಳಿಗೆ ಸಾಗಿಸಿ. ಸೇಫ್ಟಿ ವಾಲ್ವ್ ಸೋರುತ್ತಿದೆಯೆಂದು ಅದಕ್ಕೆ ಬಿರಡೆ ಹಾಕುವ ಪ್ಲಂಬರನ್ನು ಆ ಕ್ಷಣವೇ ತಡೆಯಬೇಕು. ಮುಚ್ಚಿದ ಟ್ಯಾಂಕು ಒತ್ತಡಕ್ಕೆ ಸಿಡಿಯಬಲ್ಲದು. ಅರ್ಥಿಂಗ್ ಮತ್ತು ಕರೆಂಟು ಸೋರಿದ ಕೂಡಲೇ ಸಂಪರ್ಕ ಕಡಿಯುವ ಆರ್‌ಸಿಸಿಬಿ ಕಡ್ಡಾಯ. 20ರಿಂದ 45 ಡಿಗ್ರಿಯ ನಿಂತ ನೀರಿನಲ್ಲಿ ಲೀಜಿಯೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಬೆಳೆಯುವುದರಿಂದ, 55 ಡಿಗ್ರಿಯಲ್ಲಿ ಓಡಿಸುವವರು ವಾರಕ್ಕೊಮ್ಮೆ ಟ್ಯಾಂಕನ್ನು ಒಂದು ತಾಸು 60 ಡಿಗ್ರಿ ದಾಟಿಸಿ ಇಡಬೇಕು. ಅದಕ್ಕಾಗಿ ಒಂದು ಸಣ್ಣ ವಿದ್ಯುತ್ ಕಾಯಿಲ್ ಇರಲಿ. ಗಡಸು ನೀರಿನವರು ಆ ಒಂದು ತಾಸಿನ ನಂತರ ಉಷ್ಣತೆಯನ್ನು ಮರೆಯದೆ ಇಳಿಸಬೇಕು.

ವರ್ಷಕ್ಕೊಮ್ಮೆ ಆನೋಡ್ ಸರಳನ್ನು ತೆಗೆದು ನೋಡಿಸಿ, ಸವೆದಿದ್ದರೆ ಬದಲಿಸಿ; ಟ್ಯಾಂಕಿನ ತಳದ ಕೆಸರನ್ನು ಬಿಡಿಸಿ. ಕೊನೆಯದಾಗಿ ಹೆಸ್ಕಾಂ ಕಚೇರಿಗೆ ಹೋಗುವುದನ್ನು ಮರೆಯಬೇಡಿ. ವಾಣಿಜ್ಯ ಸಂಪರ್ಕದ ನಿಗದಿತ ಶುಲ್ಕವನ್ನು ಮಂಜೂರಾದ ಕಿಲೋವ್ಯಾಟಿನ ಮೇಲೆ ಲೆಕ್ಕ ಹಾಕುವುದರಿಂದ, ತಲಾ 2 ಕಿಲೋವ್ಯಾಟಿನ ಇಪ್ಪತ್ತು ಗೀಸರು ಹೋಗಿ ಒಂದು ಹೀಟ್ ಪಂಪ್ ಬಂದ ಮೇಲೂ ಹಳೆಯ ಲೋಡು ಹಾಗೆಯೇ ಉಳಿದಿದ್ದರೆ ಬಳಸದ ಸಾಮರ್ಥ್ಯಕ್ಕೆ ತಿಂಗಳು ತಿಂಗಳು ದುಡ್ಡು ಕಟ್ಟುತ್ತಿರಬೇಕಾಗುತ್ತದೆ. ಒಂದು ಪೂರ್ಣ ಚಳಿಗಾಲದ ಬಿಲ್ಲುಗಳಲ್ಲಿ ಕಾಣುವ ಗರಿಷ್ಠ ಬೇಡಿಕೆಯನ್ನು ನೋಡಿಕೊಂಡು, ಅದಕ್ಕೆ ತಕ್ಕ ಅಂತರವಿಟ್ಟು ಲೋಡ್ ಇಳಿಸಲು ಅರ್ಜಿ ಕೊಡಿ.