ಒಂದು ಸಲಕ್ಕೆ ಒಂದೇ ಮಾತು

"ಹಲ್ಲುಜ್ಜಿ, ಸ್ನಾನ ಮಾಡಿ, ಯೂನಿಫಾರ್ಮ್ ಹಾಕ್ಕೊಂಡು, ಬ್ಯಾಗ್ ತಗೊಂಡು ಬೇಗ ಬಾ."

ಮಗ ಎಲ್‌ಕೆಜಿ ಸೇರಿದ ದಿನದಿಂದ ಪ್ರತಿ ಬೆಳಗ್ಗೆ ನಾನು ಹೇಳುತ್ತಿದ್ದ ಮಾತು ಇದು. ಹತ್ತು ನಿಮಿಷ ಬಿಟ್ಟು ನೋಡಿದರೆ ಬ್ರಷ್ ಬಾಯಲ್ಲಿಟ್ಟುಕೊಂಡು ಅಂಗಳದಲ್ಲಿ ಇರುವೆ ಸಾಲು ನೋಡುತ್ತಾ ಕೂತಿರುತ್ತಿದ್ದ. ನಾನು ಕಿರುಚುತ್ತಿದ್ದೆ. ಅವನು ಅಳುತ್ತಿದ್ದ. ಗೇಟಿನ ಹತ್ತಿರ ವ್ಯಾನು ಹಾರ್ನ್ ಹೊಡೆಯುತ್ತಿತ್ತು.

ಸೋಮವಾರಪೇಟೆಯಿಂದ ಶಾಂತಳ್ಳಿಗೆ ಹೋಗುವ ಕಡೆ ನಮ್ಮದೊಂದು ಸಣ್ಣ ಕಾಫಿ ತೋಟ. ಮಗನಿಗೆ ಈಗ ಹತ್ತು ವರ್ಷ. ಐದೂವರೆ ವರ್ಷದವನಿದ್ದಾಗ ಮೈಸೂರಿನಲ್ಲಿ ಮಕ್ಕಳ ಮನೋವೈದ್ಯರಿಗೆ ತೋರಿಸಿದೆವು. ಅವರು ಒಂದೇ ದಿನದಲ್ಲಿ ಹೆಸರಿಡಲಿಲ್ಲ. ಕಿವಿ, ಕಣ್ಣು, ರಕ್ತ ಪರೀಕ್ಷೆ ಮಾಡಿಸಿದರು. ನಿದ್ದೆ ಬಗ್ಗೆ ಕೇಳಿದರು. ಶಾಲೆಯಿಂದಲೂ ಬರೆಸಿಕೊಂಡು ಬನ್ನಿ ಅಂದರು. ಮನೆಯಲ್ಲಿ ಮಾತ್ರ ಅಥವಾ ಶಾಲೆಯಲ್ಲಿ ಮಾತ್ರ ಹೀಗಾದರೆ ಅದನ್ನು ಎಡಿಎಚ್‌ಡಿ, ಅಂದರೆ ಗಮನ ಒಂದು ಕಡೆ ನಿಲ್ಲದ, ಸುಮ್ಮನೆ ಕೂರಲಾಗದ ತೊಂದರೆ, ಅನ್ನುವುದಿಲ್ಲವಂತೆ. ಎರಡೂ ಕಡೆ, ಕಡಿಮೆ ಅಂದರೂ ಆರು ತಿಂಗಳು ಕಾಣಿಸಬೇಕು. ನಮ್ಮ ಮಗನದು ಎರಡೂ ಕಡೆ ಇತ್ತು.

"ಮನೆಯಲ್ಲಿ ಇನ್ನು ಯಾರಿಗಾದರೂ ಹೀಗಿತ್ತಾ?" ಅಂತ ಡಾಕ್ಟರ್ ಕೇಳಿದಾಗ ನನ್ನ ಗಂಡ ತಲೆ ಬಗ್ಗಿಸಿದರು. "ನಾನೂ ಹೀಗೇ ಇದ್ದೆ. ತುಂಬಾ ಏಟು ತಿಂದಿದ್ದೇನೆ" ಅಂದರು. ಮದುವೆಯಾಗಿ ಎಂಟು ವರ್ಷವಾಗಿದ್ದರೂ ಅದು ನನಗೆ ಗೊತ್ತಿರಲಿಲ್ಲ. ಇದು ವಂಶದಲ್ಲಿ ಬರುವುದು ಜಾಸ್ತಿ, ನೀವು ಬೆಳೆಸಿದ ರೀತಿಯಿಂದ ಬಂದದ್ದಲ್ಲ ಅಂತ ಡಾಕ್ಟರ್ ಹೇಳಿದರು. ವಾಪಸ್ ಬರುವಾಗ ಕುಶಾಲನಗರದ ತನಕ ನಾವಿಬ್ಬರೂ ಮಾತಾಡಲಿಲ್ಲ.

ಮಾತ್ರೆಯ ವಿಷಯ ಮೊದಲೇ ಹೇಳಿಬಿಡುತ್ತೇನೆ. ನಾವು ಮಾತ್ರೆ ಇಲ್ಲದೆ ಶುರು ಮಾಡಿದ್ದು ಡಾಕ್ಟರ್ ಹಾಗೆ ಹೇಳಿದ್ದಕ್ಕೆ. ಆರು ವರ್ಷ ತುಂಬದ ಮಕ್ಕಳಾದರೆ, ಮಗುವಿನ ಜೊತೆ ಹೇಗೆ ನಡೆದುಕೊಳ್ಳಬೇಕು ಅಂತ ಮೊದಲು ಅಪ್ಪ ಅಮ್ಮನಿಗೆ ತರಬೇತಿ, ಮಾತ್ರೆ ಆಮೇಲೆ. ಅಮೆರಿಕದ ಮಕ್ಕಳ ವೈದ್ಯರ ಸಂಘ 2019ರಲ್ಲಿ ಕೊಟ್ಟ ಸೂಚನೆಯೂ ಹೀಗೇ ಇದೆ. ಆರು ದಾಟಿದ ಮೇಲೆ ಮಾತ್ರೆ, ತರಬೇತಿ ಎರಡನ್ನೂ ಸೇರಿಸಿ ಹೇಳುತ್ತಾರೆ. ನನ್ನ ಅಣ್ಣನ ಮಗಳು ಮಾತ್ರೆ ತೆಗೆದುಕೊಳ್ಳುತ್ತಾಳೆ, ಅವಳಿಗೆ ಚೆನ್ನಾಗಿ ಹಿಡಿದಿದೆ. ಇದನ್ನು ಓದಿ ಯಾರೂ ಮಗುವಿನ ಮಾತ್ರೆ ನಿಲ್ಲಿಸಬೇಡಿ. ನಾವು ಈಗಲೂ ಆರು ತಿಂಗಳಿಗೊಮ್ಮೆ ತೋರಿಸುತ್ತೇವೆ. ಮಾತ್ರೆ ಬೇಕು ಅಂತ ಡಾಕ್ಟರ್ ಹೇಳಿದರೆ ಅವತ್ತಿನಿಂದಲೇ ಕೊಡುತ್ತೇವೆ.

ಮೊದಲ ಎರಡು ವಾರ ಏನೂ ಬದಲಾಯಿಸಬೇಡಿ, ಬರೆದಿಡಿ ಅಂದಿದ್ದರು. ಕೂಲಿ ಲೆಕ್ಕದ ಪುಸ್ತಕದ ಹಿಂದೆ ಬರೆದೆ. ಯಾವಾಗ ಗಲಾಟೆ, ಅದಕ್ಕೆ ಮುಂಚೆ ನಾನು ಏನು ಹೇಳಿದ್ದೆ, ಆಮೇಲೆ ಏನಾಯಿತು. ಓದಿ ನೋಡಿದಾಗ ನನ್ನ ಮಾತೇ ಕಣ್ಣಿಗೆ ಬಿತ್ತು. ಒಂದೇ ಉಸಿರಿನಲ್ಲಿ ನಾಲ್ಕು ಕೆಲಸ. ಅದೂ ಅಡುಗೆ ಮನೆಯಿಂದ ಕೂಗಿ. ಅವನ ಕಿವಿಗೆ ಬೀಳುತ್ತಿತ್ತು, ತಲೆಯಲ್ಲಿ ನಿಲ್ಲುತ್ತಿರಲಿಲ್ಲ.

ಆಮೇಲೆ ಕೂಗುವುದು ಬಿಟ್ಟೆ. ಒಲೆ ಸಣ್ಣ ಮಾಡಿ ಹತ್ತಿರ ಹೋಗುತ್ತಿದ್ದೆ. ಹೆಗಲ ಮೇಲೆ ಕೈ ಇಟ್ಟು, ಅವನು ನನ್ನ ಮುಖ ನೋಡುವ ತನಕ ಕಾದು, ಒಂದೇ ಮಾತು: "ಹಲ್ಲುಜ್ಜು." ಏನು ಮಾಡಬೇಕು ಅಂತ ಅವನ ಬಾಯಲ್ಲೇ ಹೇಳಿಸುತ್ತಿದ್ದೆ. ಮುಗಿದ ತಕ್ಷಣ "ಹೇಳಿದ ಕೂಡಲೇ ಉಜ್ಜಿದೆಯಲ್ಲ ಮಗ" ಅನ್ನುತ್ತಿದ್ದೆ. ಸುಮ್ನೆ 'ಜಾಣ' ಅಂದರೆ ಸಾಲದು. ಯಾವ ಕೆಲಸಕ್ಕೆ ಹೊಗಳಿದ್ದು ಅಂತ ಅವನಿಗೆ ತಿಳಿಯಬೇಕು. ಕೇಳಲು ಸುಲಭ, ಅಲ್ವಾ? ಹಣ್ಣು ಕೊಯ್ಲಿನ ಸಮಯದಲ್ಲಿ, ಏಳು ಗಂಟೆಗೇ ಆಳುಗಳು ಬಂದು ನಿಂತಿರುವಾಗ, ಮಾಡಿದವರಿಗೇ ಗೊತ್ತು. ಎಷ್ಟೋ ದಿನ ಮತ್ತೆ ಕಿರುಚಿದ್ದೇನೆ.

ಬಾಗಿಲ ಪಕ್ಕ ಒಂದು ಹಗ್ಗ ಕಟ್ಟಿ, ಬಟ್ಟೆ ಕ್ಲಿಪ್ಪಿನಲ್ಲಿ ಚಿತ್ರಗಳನ್ನು ನೇತು ಹಾಕಿದೆ. ಬ್ರಷ್, ಚೊಂಬು, ಅಂಗಿ, ತಟ್ಟೆ, ಬ್ಯಾಗ್. ಮುಗಿದ ಕೆಲಸದ ಚಿತ್ರವನ್ನು ಅವನೇ ತಿರುಗಿಸಿ ಹಾಕಬೇಕು. ಮೊದಲ ಸಲ ಹನ್ನೊಂದು ಚಿತ್ರ ಹಾಕಿದ್ದೆ. ಅವನು ಆ ಕಡೆ ತಿರುಗಿಯೂ ನೋಡಲಿಲ್ಲ. ಐದಕ್ಕೆ ಇಳಿಸಿದ ಮೇಲೆ ನಡೆಯಿತು.

ಚಿತ್ರ ತಿರುಗಿಸಿದಾಗಲೆಲ್ಲ ಗಾಜಿನ ಬಾಟಲಿಗೆ ಒಂದು ಕಾಫಿ ಬೀಜ. ಸಂಜೆಗೆ ಐದು ಬೀಜವಾದರೆ ಅಪ್ಪನ ಜೊತೆ ಜೀಪಿನಲ್ಲಿ ತೋಟಕ್ಕೆ ಒಂದು ಸುತ್ತು. ಇಲ್ಲಿ ನಾನು ಎರಡು ತಪ್ಪು ಮಾಡಿದೆ. ಒಂದು, "ವರ್ಷದ ಕೊನೆಗೆ ಸೈಕಲ್" ಅಂದಿದ್ದು. ವರ್ಷದ ಕೊನೆ ಅನ್ನುವುದು ಆ ವಯಸ್ಸಿನ ಇಂಥ ಮಗುವಿಗೆ ಇಲ್ಲವೇ ಇಲ್ಲ. ಬಹುಮಾನ ಅವತ್ತೇ ಸಿಗಬೇಕು. ಇನ್ನೊಂದು, ತಂಗಿಗೆ ಹೊಡೆದ ಅಂತ ಬಾಟಲಿಯಿಂದ ಬೀಜ ವಾಪಸ್ ತೆಗೆದದ್ದು. ಅವನು ಬಾಟಲಿಯನ್ನೇ ಸುರಿದು, "ನಂಗೆ ಬೇಡ" ಅಂತ ಮಂಚದ ಕೆಳಗೆ ಹೋಗಿ ಮಲಗಿದ. ಗಳಿಸಿದ್ದನ್ನು ಕಿತ್ತುಕೊಳ್ಳಬೇಡಿ ಅಂತ ಡಾಕ್ಟರ್ ಮೊದಲೇ ಹೇಳಿದ್ದರು. ಸಿಟ್ಟಿನಲ್ಲಿ ಮರೆತಿದ್ದೆ. ಮತ್ತೆ ಆ ಬಾಟಲಿಯ ಮೇಲೆ ಅವನಿಗೆ ನಂಬಿಕೆ ಬರಲು ಒಂದು ತಿಂಗಳು ಹಿಡಿಯಿತು. ಬಹುಮಾನವನ್ನು ಮೂರ್ನಾಲ್ಕು ವಾರಕ್ಕೊಮ್ಮೆ ಬದಲಾಯಿಸುತ್ತಾ ಇರಬೇಕು, ಇಲ್ಲದಿದ್ದರೆ ಬೇಜಾರಾಗುತ್ತದೆ.

ಒಂದನೇ ಕ್ಲಾಸಿನಲ್ಲಿ ಹೋಮ್‌ವರ್ಕ್ ಶುರುವಾಯಿತು. ಎಂಟು ನಿಮಿಷ ಕೆಲಸ, ಆಮೇಲೆ ಕಣದ ಆ ತುದಿಗೆ ಓಡಿ ಬರುವುದು, ಮತ್ತೆ ಎಂಟು ನಿಮಿಷ. ಅಡುಗೆ ಮನೆಯ ಟೈಮರ್ ಅವನ ಕಣ್ಣೆದುರು ಇರುತ್ತಿತ್ತು. ಹೊತ್ತು ಎಷ್ಟು ಹೋಯಿತು ಅನ್ನುವ ಅಂದಾಜು ಇಂಥ ಮಕ್ಕಳಿಗೆ ಸಿಗುವುದೇ ಕಷ್ಟ. ಕಣ್ಣಿಗೆ ಕಂಡರೆ ಸಿಗುತ್ತದೆ. ನಾನು ಪಕ್ಕದಲ್ಲೇ ಕೂತು ವಾರದ ಕೂಲಿ ಲೆಕ್ಕ ಬರೆಯುತ್ತಿದ್ದೆ. ಅವನದನ್ನು ತಿದ್ದಲು ಹೋಗುತ್ತಿರಲಿಲ್ಲ. ಪಕ್ಕದಲ್ಲಿ ಒಬ್ಬರು ಸುಮ್ಮನೆ ತಮ್ಮ ಕೆಲಸ ಮಾಡುತ್ತಾ ಇದ್ದರೆ ಅವನೂ ಕೂರುತ್ತಾನೆ. ಹಾಕಿ ಸ್ಟಿಕ್ಕಿನಲ್ಲಿ ಗೋಡೆಗೆ ಬಾಲ್ ಹೊಡೆಯುತ್ತಾ ಮಗ್ಗಿ ಕಲಿತ. ಕೂತು ಕಲಿತದ್ದಕ್ಕಿಂತ ಅದೇ ನೆನಪಿದೆ.

ಮಳೆಗಾಲ ಮಾತ್ರ ಬೇರೆಯೇ. ಜೂನ್‌ನಿಂದ ಆಗಸ್ಟ್ ತನಕ ನಮ್ಮ ಕಡೆ ಹೇಗೆ ಸುರಿಯುತ್ತದೆ ಅಂತ ಇಲ್ಲಿಯವರಿಗೆ ಹೇಳಬೇಕಿಲ್ಲ. ಶಾಲೆಗೆ ಮಳೆ ರಜೆ, ಕರೆಂಟಿಲ್ಲ, ಅಂಗಳಕ್ಕೆ ಇಳಿಯುವ ಹಾಗಿಲ್ಲ. ಮೊದಲ ವರ್ಷ ಅವನ ಕೈಗೆ ಮೊಬೈಲ್ ಕೊಟ್ಟು ಕೂರಿಸಿದೆ. ರಾತ್ರಿ ಹನ್ನೊಂದಾದರೂ ನಿದ್ದೆಯಿಲ್ಲ. ಮಾರನೇ ದಿನ ಇನ್ನೂ ಜಾಸ್ತಿ ಗಲಾಟೆ. ಆರರಿಂದ ಹನ್ನೆರಡು ವರ್ಷದ ಮಕ್ಕಳಿಗೆ 9ರಿಂದ 12 ಗಂಟೆ ನಿದ್ದೆ ಬೇಕು. ನನ್ನ ಮಗನಿಗೆ ಏಳು ಗಂಟೆಯೂ ಆಗುತ್ತಿರಲಿಲ್ಲ. ಮುಂದಿನ ಮಳೆಗಾಲಕ್ಕೆ ಕಾಫಿ ಗೋದಾಮಿನ ತೊಲೆಗೆ ಹಗ್ಗ ಕಟ್ಟಿದೆವು. ಹೊಟ್ಟು ತುಂಬಿದ ಗೋಣಿಚೀಲ ನೇತು ಹಾಕಿದೆವು, ಗುದ್ದಲು. ಬೆಳಗ್ಗೆ ಅರ್ಧ ಗಂಟೆ, ಸಂಜೆ ಅರ್ಧ ಗಂಟೆ ಅಲ್ಲಿ. ಬಚ್ಚಲ ಒಲೆ ಮುಂದೆ ಅಜ್ಜನ ಜೊತೆ ಹಲಸಿನ ಬೀಜ ಸುಡುವುದು. ಎಂಟೂವರೆಗೆ ಹಾಸಿಗೆ. ಎಲ್ಲಕ್ಕಿಂತ ದೊಡ್ಡ ವ್ಯತ್ಯಾಸ ನನಗೆ ಕಂಡದ್ದು ಈ ನಿದ್ದೆಯಿಂದಲೇ.

ಶಾಲೆಯ ಜಗಳದ ಬಗ್ಗೆ ಹೆಚ್ಚು ಬರೆಯಲಾರೆ. ಒಬ್ಬ ಟೀಚರ್ ಅವನನ್ನು ಒಂದು ವರ್ಷವಿಡೀ ಕೊನೆ ಬೆಂಚಿನಲ್ಲಿ ಒಬ್ಬನೇ ಕೂರಿಸಿದ್ದರು. ಆ ನೋವು ಹಾಗೇ ಇದೆ. ಮುಂದಿನ ವರ್ಷದ ಟೀಚರ್ ಹತ್ತಿರ ಮೂರೇ ವಿಷಯ ಕೇಳಿದೆ. ಕಿಟಕಿಯಿಂದ ದೂರ, ಮುಂದಿನ ಸಾಲು. ನಡುವೆ ಎದ್ದು ಓಡಾಡುವ ಕೆಲಸ: ಬೋರ್ಡ್ ಒರೆಸುವುದು, ಪುಸ್ತಕ ಹಂಚುವುದು. ಡೈರಿಯಲ್ಲಿ ದಿನಾ ಒಂದು ಟಿಕ್, ಒಳ್ಳೆಯದಕ್ಕೆ ಮಾತ್ರ. ಅವರು ಮೂರನ್ನೂ ಮಾಡಿದರು. ಆ ಟಿಕ್ ನೋಡಿ ಮನೆಯಲ್ಲೂ ಒಂದು ಬೀಜ ಹಾಕುತ್ತಿದ್ದೆವು.

ದುಡ್ಡು ಹಾಳು ಮಾಡಿದ್ದೂ ಇದೆ. ಜ್ಞಾಪಕಶಕ್ತಿಯ ಪುಡಿ ಅಂತ ಆರು ತಿಂಗಳು ಕುಡಿಸಿದೆ. ಏನೂ ಆಗಲಿಲ್ಲ. ಸಕ್ಕರೆ ಬಿಡಿಸಿ ಅಂದವರು ಬಹಳ ಜನ. ಸಕ್ಕರೆಯಿಂದ ಮಕ್ಕಳು ಹೀಗಾಗುವುದಿಲ್ಲ ಅಂತ ಪರೀಕ್ಷೆ ಮಾಡಿ ನೋಡಿದವರೇ ಹೇಳಿದ್ದಾರೆ. ಹಲ್ಲಿಗಾಗಿ ಕಡಿಮೆ ಮಾಡಿದರೆ ಸರಿ.

ಯಾರ ಹತ್ತಿರ ಕೇಳಬೇಕು ಅಂತ ತೋಚದವರು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ನಂಬರ್ 14416ಕ್ಕೆ ಫೋನ್ ಮಾಡಬಹುದು. ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.

ಈಗ ಐದನೇ ಕ್ಲಾಸು. ಬಾಗಿಲ ಪಕ್ಕದ ಹಗ್ಗ ಹೋಗಿ, ಅಲ್ಲಿ ಒಂದು ಸ್ಲೇಟು ಬಂದಿದೆ. ಅದರಲ್ಲಿ ಅವನೇ ಬರೆಯುತ್ತಾನೆ. ಎಂಟು ನಿಮಿಷ ಹದಿನೈದಾಗಿದೆ. ಪುಸ್ತಕ ಬಿಟ್ಟು ಬರುವುದು ಮಾತ್ರ ನಿಂತಿಲ್ಲ. ಜೂನ್‌ನಿಂದ ಎರಡು ಛತ್ರಿ, ಒಂದು ಗಣಿತದ ನೋಟ್ಸ್ ಹೋಗಿದೆ. ಒಂದೊಂದು ವಿಷಯಕ್ಕೆ ಒಂದೊಂದು ಬಣ್ಣದ ಬೈಂಡ್ ಹಾಕಿ, ಬ್ಯಾಗಿನ ಒಳಗೆ ಅದೇ ಬಣ್ಣಗಳ ಚೀಟಿ ಅಂಟಿಸಿದ್ದೇವೆ. ಮೂರು ವಾರವಾಯಿತು. ನೋಡುತ್ತಾ ಇದ್ದೇವೆ.